ಕ್ಲಾಸಲ್ಲಿ ಐದು ನಿಮಿಷ ಫೋನ್ ಹೊರಗೆ ತೆಗೆಸಿ

ಡಿಗ್ರಿ ಕ್ಲಾಸಲ್ಲಿ "ಅರ್ಥ ಆಯ್ತಾ?" ಅಂತ ಕೇಳಿದರೆ ಏನಾಗುತ್ತದೆ ಅಂತ ಪಾಠ ಮಾಡುವವರಿಗೆಲ್ಲ ಗೊತ್ತು. ಮುಂದಿನ ಬೆಂಚಿನ ನಾಲ್ಕು ಜನ ತಲೆ ಆಡಿಸುತ್ತಾರೆ. ಉಳಿದ ಅರವತ್ತು ಜನ ತಲೆ ತಗ್ಗಿಸುತ್ತಾರೆ. ಆ ಅರವತ್ತು ಜನರ ಮನಸ್ಸಲ್ಲಿ ಏನಿದೆ ಅಂತ ತಿಳಿಯೋಕೆ ಅವರ ಜೇಬಲ್ಲಿರುವ ಫೋನೇ ಸಾಕು.

ಹಿಂದಿನ ರಾತ್ರಿ ಗೂಗಲ್ ಫಾರ್ಮ್ಸ್‌ನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿಟ್ಟುಕೊಳ್ಳಿ. ಬಾಯಿಪಾಠದ ಪ್ರಶ್ನೆ ಬೇಡ, ಜನ ಎರಡು ಪಾಲಾಗುವಂಥದ್ದು ಇರಲಿ. ಬಿ.ಕಾಂ. ಮಕ್ಕಳಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಹೇಳುವಾಗ ನಾನು ಕೇಳುವುದು ಇದು: "ಈ ಸಲ ಕೋಲಾರದ ಕಡೆ ಎಲ್ಲರಿಗೂ ಟೊಮೆಟೊ ಬಂಪರ್ ಬೆಳೆ ಬಂದಿದೆ. ಎಲ್ಲ ರೈತರ ಒಟ್ಟು ಆದಾಯ ಏರುತ್ತಾ, ಇಳಿಯುತ್ತಾ, ಅಷ್ಟೇ ಇರುತ್ತಾ?"

ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಸಂಗ್ರಹಿಸುವುದನ್ನು ಆಫ್ ಮಾಡಿ, ಒಬ್ಬರಿಗೆ ಒಂದೇ ಉತ್ತರ ಅನ್ನುವುದನ್ನೂ ಆಫ್ ಮಾಡಿ. ಆಗ ಲಾಗಿನ್ ಕೇಳುವುದಿಲ್ಲ, ಯಾರು ಏನು ಒತ್ತಿದರು ಅಂತ ನಿಮಗೂ ಗೊತ್ತಾಗುವುದಿಲ್ಲ. ಫೋನ್ ಇಲ್ಲದವರು ಪಕ್ಕದವರ ಫೋನಲ್ಲೇ ಇನ್ನೊಂದು ಉತ್ತರ ಕಳಿಸಬಹುದು. ವಾಟ್ಸಾಪ್ ಪೋಲ್ ಸುಲಭ ನಿಜ, ಆದರೆ ಅದರಲ್ಲಿ ಯಾರ ಓಟು ಯಾವುದಕ್ಕೆ ಅಂತ ಗ್ರೂಪಿಗೆಲ್ಲ ಕಾಣುತ್ತದೆ. ತಪ್ಪಾದರೆ ನಗುತ್ತಾರೆ ಅನ್ನೋ ಭಯಕ್ಕೇ ಬಾಯಿ ಮುಚ್ಚಿಕೊಂಡಿರುವ ಮಕ್ಕಳು ಅಲ್ಲಿ ಒತ್ತುವುದೇ ಇಲ್ಲ.

ಉತ್ತರಗಳು ಬಂದ ಮೇಲೆ ಸರಿ ಉತ್ತರ ಹೇಳಿಬಿಡಬೇಡಿ. ಇದೇ ಮುಖ್ಯ. "ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಿ" ಅನ್ನಿ. ಆಮೇಲೆ ಅದೇ ಫಾರ್ಮಿನ ಇನ್ನೊಂದು ಕಾಪಿಯ ಲಿಂಕ್ ಕಳಿಸಿ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಹೇಳಿಕೊಡುವ ಎರಿಕ್ ಮಜೂರ್ 1990ರ ದಶಕದಲ್ಲೇ ಈ ಪದ್ಧತಿ ಬೆಳೆಸಿದರು, ಆಗ ಸ್ಮಾರ್ಟ್‌ಫೋನ್ ಇರಲಿಲ್ಲ. ನಮ್ಮ ಕ್ಲಾಸಲ್ಲಿ ಮೊದಲ ಸಲ "ಏರುತ್ತೆ" ಅನ್ನುವವರೇ ಜಾಸ್ತಿ. ಅಷ್ಟರಲ್ಲಿ ಹಿಂದಿನ ಬೆಂಚಿಂದ ಯಾರೋ "ಹೋದ ವರ್ಷ ನಮ್ಮಪ್ಪ ಟೊಮೆಟೊನ ರೋಡಿಗೆ ಸುರಿದು ಬಂದ್ರು" ಅಂತಾರೆ. ಅಗ್ಗವಾಯ್ತು ಅಂತ ಯಾರೂ ದಿನಾ ಮೂರು ಹೊತ್ತು ಟೊಮೆಟೊ ಸಾರು ಮಾಡುವುದಿಲ್ಲ, ಹಾಗಾಗಿ ಬೆಲೆ ಬಿದ್ದಷ್ಟು ಮಾರಾಟ ಏರುವುದಿಲ್ಲ ಅಂತ ಅವರವರೇ ಮಾತಾಡಿಕೊಳ್ಳುತ್ತಾರೆ. ಎರಡನೇ ಸಲ "ಇಳಿಯುತ್ತೆ" ಅನ್ನುವ ಪಾಲು ದೊಡ್ಡದಾಗಿರುತ್ತದೆ. ನಾನು ಬೋರ್ಡಿನ ಮೇಲೆ ಗ್ರಾಫ್ ಬರೆಯುವುದು ಅದಾದ ಮೇಲೆ.

ಲಿಂಕ್, ನೋಟ್ಸ್ ಕಳಿಸೋಕೆ ವಾಟ್ಸಾಪ್ ಚಾನೆಲ್ ಒಳ್ಳೆಯದು. ಗ್ರೂಪಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ನನ್ನ ಗ್ರೂಪಿಂದಲೇ ನಂಬರ್ ತೆಗೆದುಕೊಂಡು ಒಬ್ಬ ಹುಡುಗಿಗೆ ರಾತ್ರಿ ಹೊತ್ತು ಕಾಲ್ ಮಾಡುತ್ತಿದ್ದರು, ನನಗೆ ಗೊತ್ತಾಗುವಷ್ಟರಲ್ಲಿ ಅವಳು ಸಿಮ್ಮೇ ಬದಲಾಯಿಸಿದ್ದಳು. ಚಾನೆಲ್‌ನಲ್ಲಿ ಫಾಲೋ ಮಾಡುವವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ.

ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಆ ದಿನದ ಪಾಠವನ್ನು ಕನ್ನಡದಲ್ಲೇ ಮೂರು ನಿಮಿಷದ ವಾಯ್ಸ್ ನೋಟ್ ಮಾಡಿ ಹಾಕಿ. ಡೇಟಾ ಜಾಸ್ತಿ ಖರ್ಚಾಗುವುದಿಲ್ಲ, ಊರಿಗೆ ಹೋಗುವ ಬಸ್ಸಲ್ಲೇ ಕೇಳಿಕೊಳ್ಳುತ್ತಾರೆ. ಇಂಟರ್ನಲ್ಸ್ ಮಾರ್ಕ್ಸ್ ಮಾತ್ರ ಚಾನೆಲ್ಲಿಗೂ ಹಾಕಬೇಡಿ, ಗ್ರೂಪಿಗೂ ಹಾಕಬೇಡಿ. ಒಬ್ಬೊಬ್ಬರನ್ನೇ ಕರೆದು ಹೇಳಿ.