ಫೋನಿನಲ್ಲಿ 910, ಸುದ್ದಿಯಲ್ಲಿ 1013: ವಾಯುಭಾರವನ್ನು ಓದುವುದು ಹೇಗೆ?

ಬೆಂಗಳೂರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಪಾದರಸದ ವಾಯುಭಾರಮಾಪಕವನ್ನು ಮೊದಲ ಬಾರಿ ಓದುವ ವಿದ್ಯಾರ್ಥಿಗೆ ಗೊಂದಲವಾಗುವುದು ಸಹಜ. ಪಠ್ಯಪುಸ್ತಕದಲ್ಲಿ 76 ಸೆಂಟಿಮೀಟರ್ ಎಂದಿರುತ್ತದೆ, ಗಾಜಿನ ಕೊಳವೆಯಲ್ಲಿ ಪಾದರಸ 68ರ ಆಸುಪಾಸಿನಲ್ಲೇ ನಿಂತಿರುತ್ತದೆ. ಉಪಕರಣ ಕೆಟ್ಟಿಲ್ಲ, ಪುಸ್ತಕದ ಅಂಕಿ ಸಮುದ್ರ ಮಟ್ಟದ್ದು, ಬೆಂಗಳೂರು ಅದಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ವಾಯುಭಾರದ ಯಾವುದೇ ಅಂಕಿಯನ್ನು ಕಂಡರೂ ಅದು ಯಾವ ಮಾನದಲ್ಲಿದೆ, ಯಾವ ಎತ್ತರದ್ದು ಎಂಬೆರಡನ್ನು ಕೇಳಿಕೊಳ್ಳಲೇಬೇಕು.

ಮೊದಲು ಮಾನವನ್ನು ಗುರುತಿಸಿ. ವಿಜ್ಞಾನದಲ್ಲಿ ಒತ್ತಡದ ಮಾನ ಪ್ಯಾಸ್ಕಲ್, ಅಂದರೆ ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ. ಇದು ತೀರಾ ಚಿಕ್ಕದು: ಮೇಜಿನ ಮೇಲೆ ಹರಡಿಟ್ಟ ಒಂದು ಸಾಮಾನ್ಯ ಬಿಳಿ ಹಾಳೆಯ ಒತ್ತಡವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹೀಗಾಗಿ ಹವಾಮಾನಶಾಸ್ತ್ರದಲ್ಲಿ ನೂರು ಪ್ಯಾಸ್ಕಲ್‌ಗಳನ್ನು ಸೇರಿಸಿ ಹೆಕ್ಟೋಪ್ಯಾಸ್ಕಲ್ ಎನ್ನುತ್ತಾರೆ. ಹಳಬರು ಹೇಳುವ ಮಿಲಿಬಾರ್ ಕೂಡ ಇದೇ ಅಳತೆ, ಯಾವ ಲೆಕ್ಕವೂ ಬೇಕಿಲ್ಲ. ಪಾದರಸದ ಮಿಲಿಮೀಟರ್ ಆದರೆ 1.333ರಿಂದ ಗುಣಿಸಿ, 683 ಮಿಲಿಮೀಟರ್ ಎಂದರೆ ಸುಮಾರು 910 ಹೆಕ್ಟೋಪ್ಯಾಸ್ಕಲ್.

ಈ ಮಾನಕ್ಕೆ 1971ರಲ್ಲಿ ಬ್ಲೇಸ್ ಪ್ಯಾಸ್ಕಲ್ ಅವರ ಹೆಸರಿಟ್ಟದ್ದು ಬಹಳ ಉಚಿತವಾಗಿತ್ತು ಎಂದು ನನಗನ್ನಿಸುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಭಾರ ಕಡಿಮೆಯಾಗಬೇಕೆಂದು ಊಹಿಸಿದ ಅವರು, ಅದನ್ನು ಪರೀಕ್ಷಿಸಲು ತಮ್ಮ ಭಾವ ಫ್ಲೋರಿನ್ ಪೆರಿಯೆ ಅವರನ್ನು ಕೇಳಿಕೊಂಡರು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟವನ್ನೇರಿ ಅಳೆದಾಗ, ಪಾದರಸವು ಬೆಟ್ಟದ ಬುಡದ ಊರಿನಲ್ಲಿದ್ದುದಕ್ಕಿಂತ ಎಂಟು ಸೆಂಟಿಮೀಟರಿಗೂ ಹೆಚ್ಚು ಇಳಿದಿತ್ತು. ನಮ್ಮ ವಿದ್ಯಾರ್ಥಿ ಕಾಣುವ ವ್ಯತ್ಯಾಸವೂ ಸುಮಾರು ಅಷ್ಟೇ.

ಈಗ ಎತ್ತರದ ಲೆಕ್ಕ. ವಾಯುಭಾರದ ಸಂವೇದಕವಿರುವ ಫೋನಿನಲ್ಲಿ 910 ಬಂದಿದೆ ಎಂದುಕೊಳ್ಳೋಣ. ನಿಮ್ಮ ಊರಿನ ಎತ್ತರ ತಿಳಿಯದಿದ್ದರೆ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ನೋಡಿ. ಆ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 44,330ರಿಂದ ಭಾಗಿಸಿ, ಬಂದುದನ್ನು 1ರಿಂದ ಕಳೆದು, ಉಳಿದುದನ್ನು 5.255ರ ಘಾತಕ್ಕೇರಿಸಿ. ಬೆಂಗಳೂರಿಗೆ ಇದು ಸುಮಾರು 0.896. ಫೋನಿನ ಅಂಕಿಯನ್ನು ಇದರಿಂದ ಭಾಗಿಸಿದರೆ 1016 ಬರುತ್ತದೆ. ಸಮುದ್ರ ಮಟ್ಟದ ಪ್ರಮಾಣಿತ ಒತ್ತಡವಾದ 1013.25ರೊಡನೆ ಹೋಲಿಸಬೇಕಾದದ್ದು ಈ ಅಂಕಿಯನ್ನೇ.

ಈ ಹಂತವನ್ನು ಬಿಟ್ಟರೆ ಎಂಥ ತಪ್ಪಾದೀತು ನೋಡಿ. 1999ರ ಅಕ್ಟೋಬರಿನಲ್ಲಿ ಒಡಿಶಾ ಕರಾವಳಿಗೆ ಅಪ್ಪಳಿಸಿ ಸಾವಿರಾರು ಜೀವಗಳನ್ನು ಬಲಿ ಪಡೆದ ಮಹಾಚಂಡಮಾರುತದ ಕೇಂದ್ರದಲ್ಲಿ ವಾಯುಭಾರ 912 ಹೆಕ್ಟೋಪ್ಯಾಸ್ಕಲ್‌ಗೆ ಕುಸಿದಿತ್ತು. ಬೆಂಗಳೂರಿನ ಪ್ರಶಾಂತ ಮುಂಜಾನೆಯೊಂದರಲ್ಲಿ ಫೋನು ತೋರಿಸುವ ಅಂಕಿಯೂ ಅದರ ಆಸುಪಾಸಿನದೇ.

ಲೆಕ್ಕ ಕೈಹಿಡಿದ ಮೇಲೆ ನಾಲ್ಕಾರು ದಿನ ಬರೆದಿಡಿ. ನಮ್ಮಂಥ ಉಷ್ಣವಲಯದಲ್ಲಿ ವಾಯುಭಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಮೂರು ಹೆಕ್ಟೋಪ್ಯಾಸ್ಕಲ್‌ನಷ್ಟು ಇಳಿಯುವುದು ದಿನನಿತ್ಯದ ಕ್ರಮ. ಆ ಇಳಿತವನ್ನು ಮಳೆಯ ಸೂಚನೆಯೆಂದು ತಿಳಿಯದೆ, ಇಂದಿನ ಅಂಕಿಯನ್ನು ನಿನ್ನೆಯ ಅದೇ ಹೊತ್ತಿನ ಅಂಕಿಯೊಡನೆ ಹೋಲಿಸಿ.