ಕೊಡಗಿನ ಚಿಕ್ಕ ಕ್ಲಿನಿಕ್‌ನಲ್ಲಿ ಕೂತು ಎಚ್‌ಐವಿ ಓದನ್ನು ಹೊಸದಾಗಿ ಇಟ್ಟುಕೊಳ್ಳುವುದು ಹೇಗೆ

ಸಿದ್ದಾಪುರದ ಕಡೆ ಜನರಲ್ ಪ್ರಾಕ್ಟೀಸ್ ಮಾಡುವ ಎಂಬಿಬಿಎಸ್ ಡಾಕ್ಟರ್ ನಾನು. ಎಚ್‌ಐವಿ ಸ್ಪೆಷಲಿಸ್ಟ್ ಅಲ್ಲ. ಇದನ್ನು ಬರೆಯುತ್ತಿರುವುದೂ ಸ್ಪೆಷಲಿಸ್ಟ್‌ಗಳಿಗಲ್ಲ. ನಾಪೋಕ್ಲು, ಗೋಣಿಕೊಪ್ಪ, ಸುಂಟಿಕೊಪ್ಪ, ಶನಿವಾರಸಂತೆಯಲ್ಲಿ ಬೆಳಗ್ಗಿಂದ ಸಂಜೆವರೆಗೆ ಜ್ವರ, ಕೆಮ್ಮು, ಸೊಂಟನೋವು ನೋಡುವ ನಮ್ಮಂಥವರಿಗೆ.

"ಎಚ್‌ಐವಿಗೆ ಮಡಿಕೇರಿಯಲ್ಲಿ ಎಆರ್‌ಟಿ ಕೇಂದ್ರ ಇದೆಯಲ್ಲ, ನಮಗ್ಯಾಕೆ?" ಅಂತ ಕೇಳುವವರು ಜಾಸ್ತಿ. ಸರಿ, ವೈರಸ್ಸನ್ನು ಹತ್ತಿಕ್ಕುವ ಔಷಧಿ (ಅದೇ ಎಆರ್‌ಟಿ) ಕೊಟ್ಟು ಅವರು ನೋಡಿಕೊಳ್ಳುತ್ತಾರೆ. ಆದರೆ ಅದೇ ಪೇಷಂಟಿನ ಗ್ಯಾಸ್ಟ್ರಿಕ್, ಶುಗರ್, ಮಂಡಿನೋವು ಬರುವುದು ನಮ್ಮ ಹತ್ತಿರ. ಅಲ್ಲಿ ಕೊಟ್ಟ ಮಾತ್ರೆಯನ್ನು ಇಲ್ಲಿ ನಾವು ಬರೆದ ಚೀಟಿ ಕೆಡಿಸಬಹುದು. ಹಾಗಾಗಿ ಓದನ್ನು ನಮ್ಮ ಚೀಟಿಯಿಂದಲೇ ಶುರು ಮಾಡಿ. ವೈರಸ್ಸಿನ ಜೀವನಚಕ್ರ ಆಮೇಲೆ ಓದಿದರೂ ನಡೆಯುತ್ತದೆ.

ಮೊದಲು ಒಂದು ಮಾತ್ರೆಯನ್ನು ಪೂರ್ತಿ ತಿಳಿದುಕೊಳ್ಳಿ: ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ದಿನಕ್ಕೆ ಒಂದೇ. ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ 2021ರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಮೊದಲ ಆಯ್ಕೆ ಇದೇ. ಆ ಪುಸ್ತಕದ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಜೂನ್‌ಗೆ ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ, ಗೊತ್ತಲ್ಲ. ಮೊದಲ ಪುಟದಿಂದ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ಟಿಬಿ ಜೊತೆಗಿದ್ದಾಗ ಏನು, ಬಸುರಿಯರಿಗೆ ಏನು, ಪೆಪ್ (ಸೂಜಿ ಚುಚ್ಚಿದಂಥ ಹೊತ್ತಲ್ಲಿ ಸೋಂಕು ತಡೆಯಲು ಕೊಡುವ ಔಷಧಿ) ಹೇಗೆ, ಈ ಮೂರು ಅಧ್ಯಾಯ ಮೊದಲು.

ಎರಡನೆಯದು, ಕವರ್ ಸುರಿಸುವ ಅಭ್ಯಾಸ. ಎಸ್ಟೇಟ್ ಕೆಲಸಗಾರರ ಲೈನ್ ಮನೆಯಿಂದ ಬರುವ ಹೆಂಗಸರು ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಹಾಕಿ ತರುತ್ತಾರೆ. ಅದನ್ನು ಟೇಬಲ್ ಮೇಲೆ ಸುರಿಸಿ. ಆದರೆ ಎಆರ್‌ಟಿ ಡಬ್ಬಿ ಆ ಕವರ್‌ನಲ್ಲಿ ಇರುವುದು ಕಡಿಮೆ. ಅದು ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇರುತ್ತದೆ, ಲೇಬಲ್ ಕಿತ್ತು ಹಾಕಿರುತ್ತಾರೆ. ಅದಕ್ಕೇ ನಾನು ಬಾಗಿಲು ಹಾಕಿಸಿ ಕೇಳುತ್ತೇನೆ: "ಅಕ್ಕಾ, ಬೇರೆ ಕಡೆಯಿಂದ ದಿನಾ ತಗೊಳ್ಳೋ ಮಾತ್ರೆ ಏನಾದ್ರೂ ಇದ್ಯಾ? ಯಾವ ಕಾಯಿಲೆಗೆ ಅಂತ ಹೇಳಬೇಡಿ, ಮಾತ್ರೆ ತೋರಿಸಿದ್ರೆ ಸಾಕು." ಒಮ್ಮೆ ಒಬ್ಬರು ಸುಮ್ನೆ ಕೂತಿದ್ದು, ಆಮೇಲೆ ಸೆರಗಿನ ಗಂಟಿನಿಂದ ಒಂದು ಮಾತ್ರೆ ತೆಗೆದರು. "ಇದಾ ಡಾಕ್ಟ್ರಮ್ಮಾ?" ಟಿಎಲ್‌ಡಿ. ಜೊತೆಗೆ ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ, ಎದೆಯುರಿಗೆ ಮೆಡಿಕಲ್‌ನವರು ಕೊಟ್ಟ ಆಂಟಾಸಿಡ್. ಮೂರನ್ನೂ ರಾತ್ರಿ ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗುತ್ತಿದ್ದರು.

ಇಲ್ಲಿ ಏನಾಗುತ್ತದೆ ನೋಡಿ. ಕಬ್ಬಿಣ, ಕ್ಯಾಲ್ಸಿಯಂ, ಆಂಟಾಸಿಡ್‌ನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ, ಇವೆಲ್ಲ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಹೋಗದಂತೆ ತಡೆಯುತ್ತವೆ. ಡೊಲುಟೆಗ್ರಾವಿರನ್ನು ಇವುಗಳಿಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ಆದ ಮೇಲೆ ತೆಗೆದುಕೊಳ್ಳಬೇಕು. ಕಬ್ಬಿಣ, ಕ್ಯಾಲ್ಸಿಯಂ ಆದರೆ ಊಟದ ಜೊತೆ ಒಟ್ಟಿಗೆ ತಗೊಂಡರೂ ಪರವಾಗಿಲ್ಲ. ಆಂಟಾಸಿಡ್‌ಗೆ ಆ ರಿಯಾಯಿತಿ ಇಲ್ಲ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್‌ನಿಂದ ಡೊಲುಟೆಗ್ರಾವಿರ್‌ಗೆ ತೊಂದರೆಯಿಲ್ಲ. ಆದರೆ ಮೊದಲಿನದು ಕೆಲಸ ಮಾಡದಾಗ ಕೊಡುವ ಎರಡನೇ ಸಾಲಿನ ಔಷಧಿಯಾಗಿ ಅಟಾಜನಾವಿರ್ ತಗೊಳ್ಳುವವರಿಗೆ ಅದೇ ಪ್ಯಾಂಟೊಪ್ರಜೋಲ್ ಕೆಟ್ಟದ್ದು.

ಹೀಗೆ ನಾವು ದಿನಾ ಬರೆಯುವ ಔಷಧಿಗಳನ್ನೇ ಹಿಡಿದು ಒಂದೊಂದಾಗಿ ನೋಡುತ್ತಾ ಹೋಗಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್: ಡೊಲುಟೆಗ್ರಾವಿರ್ ಇದ್ದರೆ ದಿನಕ್ಕೆ 1000 ಮಿಲಿಗ್ರಾಂ ದಾಟಿಸಬೇಡಿ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಸೇರಬೇಕು. ಫಿಟ್ಸ್‌ಗೆ ಕೊಡುವ ಕಾರ್ಬಮಾಜಪೈನ್, ಫೆನಿಟೋಯಿನ್ ರಕ್ತದಲ್ಲಿ ಡೊಲುಟೆಗ್ರಾವಿರ್ ಮಟ್ಟ ಇಳಿಸುತ್ತವೆ. ಎರಡನೇ ಸಾಲಿನ ಔಷಧಿಗಳ ಜೊತೆ ಕೊಡುವ ರಿಟೊನಾವಿರ್ ತಗೊಳ್ಳುವವರ ಮಂಡಿಗೆ ಟ್ರಯಾಮ್ಸಿನೊಲೋನ್ ಚುಚ್ಚಿದರೆ ಆ ಸ್ಟಿರಾಯ್ಡ್ ಮೈಯಲ್ಲಿ ಉಳಿದು ಮುಖ ಊದುವುದು, ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸುವುದು ಎಲ್ಲಾ ಆಗುತ್ತದೆ. ಇನ್ನು ತೋಟದ ಕೆಲಸದವರಿಗೆ ನಾವು ಕೊಡುವ ಡೈಕ್ಲೋಫೆನಾಕ್! ಮೂಟೆ ಹೊತ್ತು ಸೊಂಟ ಹಿಡಿದಿದೆ ಅಂತ ವಾರಗಟ್ಟಲೆ ಕೊಡುತ್ತೇವೆ. ಟೆನೊಫೊವಿರ್ ಜೊತೆ ಸೇರಿದರೆ ಕಿಡ್ನಿಗೆ ಹೊಡೆತ. ಕಿಡ್ನಿ ಟೆಸ್ಟಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿದ್ದರೆ ತಕ್ಷಣ ಹೆದರಬೇಕಿಲ್ಲ. ಡೊಲುಟೆಗ್ರಾವಿರ್ ಕಿಡ್ನಿ ಕೆಡಿಸದೆಯೇ ಅದನ್ನು ಒಂದಿಷ್ಟು ಏರಿಸುತ್ತದೆ. ಏರುತ್ತಲೇ ಹೋದರೆ ಎಆರ್‌ಟಿ ಕೇಂದ್ರಕ್ಕೆ ಫೋನ್ ಮಾಡಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೆಪಟೈಟಿಸ್ ಬಿ ಜೊತೆಗಿದ್ದವರಲ್ಲಿ ಟೆನೊಫೊವಿರ್ ದಿಢೀರ್ ನಿಂತರೆ ಲಿವರ್ ಭುಗಿಲೇಳಬಹುದು.

ಇದೆಲ್ಲ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಚ್‌ಐವಿ ಔಷಧಿ ಆ್ಯಪ್ ಪುಕ್ಕಟೆ ಇದೆ. ಎರಡು ಹೆಸರು ಹಾಕಿದರೆ ಹಸಿರೋ ಕೆಂಪೋ ಅಂತ ಹೇಳುತ್ತದೆ. ಪೇಷಂಟ್ ಎದುರಿಗಿರುವಾಗಲೇ ನೋಡಿ. ಯಾರೂ ನಿಮ್ಮನ್ನು ಕಡಿಮೆ ಎಣಿಸಲ್ಲ.

ಮೂರನೆಯದು ಪೆಪ್. ಇದನ್ನು ಓದುವುದಕ್ಕಿಂತ ರಿಹರ್ಸಲ್ ಮಾಡಬೇಕು. ರಾತ್ರಿ ಹತ್ತಕ್ಕೆ ನಿಮ್ಮ ಸಿಸ್ಟರ್ ಕೈಗೆ ಸೂಜಿ ಚುಚ್ಚಿತು ಅಂದುಕೊಳ್ಳಿ. ಸೋಪು ನೀರಲ್ಲಿ ತೊಳೆಯಬೇಕು. ಹಿಂಡಬಾರದು, ಬಾಯಿಗೆ ಹಾಕಬಾರದು, ಸ್ಪಿರಿಟ್ ಸುರಿಯಬಾರದು. ಮೊದಲ ಡೋಸ್ ಎರಡು ಗಂಟೆಯೊಳಗೆ ಆದರೆ ಒಳ್ಳೆಯದು, 72 ಗಂಟೆ ಕಡೆಯ ಗಡಿ. ಟಿಎಲ್‌ಡಿ, 28 ದಿನ. ಸೂಜಿ ಯಾರಿಗೆ ಬಳಸಿದ್ದೋ ಅವರ ರಿಪೋರ್ಟ್ ಬರಲಿ ಅಂತ ಕಾಯುವುದು ಬೇಡ. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೂ ಸೋಂಕು ತಗುಲುವ ಸಾಧ್ಯತೆ ಸುಮಾರು 0.3 ಶೇಕಡಾ. ಇದನ್ನು ಆ ಹುಡುಗಿಗೆ ಮೊದಲು ಹೇಳಿ, ಅವಳ ಕೈ ನಡುಗುತ್ತಿರುತ್ತದೆ. ಈಗ ನಿಜವಾದ ಪ್ರಶ್ನೆ: ಆ ಹೊತ್ತಿಗೆ ಹತ್ತಿರದಲ್ಲಿ ಮಾತ್ರೆ ಎಲ್ಲಿದೆ? ಬೀಗದ ಕೈ ಯಾರ ಹತ್ತಿರ? ಆಗಸ್ಟ್‌ನಲ್ಲಿ ರಸ್ತೆಗೆ ಮರ ಬಿದ್ದಿದ್ದರೆ ಯಾವ ದಾರಿ? ಹಗಲಿನಲ್ಲೇ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ಉತ್ತರವನ್ನು ಡ್ರೆಸ್ಸಿಂಗ್ ರೂಮಿನ ಗೋಡೆಗೆ ಅಂಟಿಸಿ.

ಟೆಸ್ಟ್ ಯಾರಿಗೆ ಹೇಳಬೇಕು ಎಂಬುದು ನಮಗೆ ಗೊತ್ತಿರುವುದೇ. ಟಿಬಿ, ಚಿಕ್ಕ ವಯಸ್ಸಿನಲ್ಲಿ ಸರ್ಪಸುತ್ತು, ಬಾಯಲ್ಲಿ ಬಿಳಿ ಪದರ, ಗುಪ್ತಾಂಗದ ಹುಣ್ಣು, ಬಸುರಿಯರೆಲ್ಲರೂ. ಕಷ್ಟವಿರುವುದು ಗುಟ್ಟು ಕಾಪಾಡುವುದರಲ್ಲಿ. ಕಾಫಿ ಕುಯ್ಲಿನ ಹೊತ್ತಿಗೆ ಅಸ್ಸಾಂನಿಂದ ಬಂದ ಹುಡುಗನ ಜೊತೆ ಎಸ್ಟೇಟ್ ರೈಟರ್ (ಆಳುಗಳ ಲೆಕ್ಕ ನೋಡುವವರು) ಬರುತ್ತಾರೆ. ಬಿಲ್ ಕೊಡುವವರೂ ಅವರೇ, "ಏನಂತೆ ಮೇಡಂ ಇವನಿಗೆ?" ಅಂತ ಕೇಳುವವರೂ ಅವರೇ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶ ಹೀಗೆ ಹೇಳುವಂತಿಲ್ಲ, ಕೆಲಸ ಕೊಡಲು ಟೆಸ್ಟ್ ಕೇಳುವಂತಿಲ್ಲ. ನಾನು ರೈಟರ್‌ಗೆ "ಹೊರಗೆ ಕೂತ್ಕೊಳಿ ಅಣ್ಣಾ, ಚೀಟಿ ಕೊಡ್ತೀನಿ" ಅಂದುಬಿಡುತ್ತೇನೆ. ಇಂಥ ಮಾತನ್ನೂ ಅಭ್ಯಾಸ ಮಾಡಿಕೊಳ್ಳಬೇಕು, ಅಲ್ವಾ? ಆ ಹುಡುಗ ಊರಿನಲ್ಲಿ ಎಆರ್‌ಟಿ ತಗೊಳ್ಳುತ್ತಿದ್ದರೆ ಮಡಿಕೇರಿ ಕೇಂದ್ರದಲ್ಲೂ ಅದು ಮುಂದುವರಿಯಬಹುದು. ಹೇಗೆ ಎಂಬುದನ್ನು ಅಲ್ಲಿನ ಕೌನ್ಸೆಲರ್ ಹತ್ತಿರ ಕೇಳಿ ತಿಳಿದುಕೊಳ್ಳಿ. ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸುವ ಸಿಎಂಇಗಿಂತ (ಡಾಕ್ಟರ್‌ಗಳ ಮುಂದುವರಿದ ಕಲಿಕೆಯ ಸಭೆ) ಆ ಕೌನ್ಸೆಲರ್ ಜೊತೆ ಕೂತ ಅರ್ಧ ದಿನ ನನಗೆ ಹೆಚ್ಚು ಕಲಿಸಿದೆ.

ಹೊಸ ಸುದ್ದಿಗೆ ಬಂದರೆ, ಈಗ ಎಲ್ಲರೂ ಕೇಳುವುದು ಎಚ್‌ಐವಿ ತಗುಲದಂತೆ ತಡೆಯುವ ವರ್ಷಕ್ಕೆರಡು ಇಂಜೆಕ್ಷನ್ ಬಗ್ಗೆ. ಲೆನಕಪವಿರ್. ದಕ್ಷಿಣ ಆಫ್ರಿಕಾ, ಉಗಾಂಡದಲ್ಲಿ ನಡೆದ ಪರ್ಪಸ್ 1 ಅಧ್ಯಯನದಲ್ಲಿ ಇದನ್ನು ಪಡೆದ 2134 ಮಹಿಳೆಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಜುಲೈ 2025ರಲ್ಲಿ ಶಿಫಾರಸು ಮಾಡಿತು. ಆದರೆ ನಿಮ್ಮ ಕ್ಲಿನಿಕ್‌ಗೆ ಬರುವವರಿಗೆ ಮೊದಲು ವಿವರಿಸಬೇಕಾದ್ದು ಪ್ರೆಪ್, ಅಂದರೆ ಸೋಂಕು ತಗುಲದಂತೆ ಮುಂಚೆಯೇ ದಿನಾ ತಗೊಳ್ಳುವ ಮಾತ್ರೆ: ಟೆನೊಫೊವಿರ್, ಎಮ್ಟ್ರಿಸಿಟಬೈನ್. ಶುರು ಮಾಡುವ ಮುಂಚೆ ಎಚ್‌ಐವಿ ನೆಗೆಟಿವ್ ಅಂತ ಖಾತ್ರಿ, ಕ್ರಿಯಾಟಿನಿನ್, ಹೆಪಟೈಟಿಸ್ ಬಿ. ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟ್. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಿ: ಮಾತ್ರೆ ತಪ್ಪಿಸದೆ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟದಲ್ಲೇ ಇದ್ದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ. ಇದನ್ನು ಹೇಳಲು ಡಾಕ್ಟರ್‌ಗಳೇ ಹಿಂಜರಿಯುತ್ತಾರೆ. ನನಗಂತೂ ಅರ್ಥವಾಗದ ವಿಷಯ.

ಆನ್‌ಲೈನ್ ಕೋರ್ಸ್ ಬೇಕೆನ್ನುವವರಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ನ್ಯಾಷನಲ್ ಎಚ್‌ಐವಿ ಕರಿಕ್ಯುಲಮ್ ಪುಕ್ಕಟೆ, ಚೆನ್ನಾಗಿದೆ. ಆದರೆ ಅದು ಅಮೆರಿಕದ ಪಾಠ. ಅಲ್ಲಿನ ಮೊದಲ ಆಯ್ಕೆಯ ಮಾತ್ರೆ, ಅಲ್ಲಿನ ಟೆಸ್ಟ್‌ಗಳು ನಮ್ಮಲ್ಲಿ ಹಾಗೇ ನಡೆಯಲ್ಲ. ಯಾವುದು ಯಾಕೆ ಎಂಬುದನ್ನು ಅಲ್ಲಿಂದ ಕಲಿಯಿರಿ, ಡೋಸ್ ಮಾತ್ರ ನ್ಯಾಕೋ ಪುಸ್ತಕದಿಂದ ಬರೆಯಿರಿ. ನಮ್ಮ ರಿಜಿಸ್ಟ್ರೇಷನ್ ನವೀಕರಣಕ್ಕೆ ಕ್ರೆಡಿಟ್ ಬೇಕಿದ್ದರೆ ಸೇರುವ ಮೊದಲೇ ಒಂದು ಮಾತು ಕೇಳಿ: ಕರ್ನಾಟಕ ಮೆಡಿಕಲ್ ಕೌನ್ಸಿಲ್ ಇದನ್ನು ಒಪ್ಪುತ್ತದಾ? ಒಪ್ಪಿದರೆ ಸರ್ಟಿಫಿಕೇಟ್ ಬಂದ ದಿನವೇ ಫೋನಿನಲ್ಲಿ ಬೇರೆ ಫೋಲ್ಡರ್‌ಗೆ ಹಾಕಿಡಿ.