ಸುಟ್ಟ ಗಳಿಗೆಯಿಂದಲೇ ಲೆಕ್ಕ: ಸುಟ್ಟಗಾಯದ ವಾರ್ಡಿನಲ್ಲಿ ನನ್ನ ಅನುಭವ

ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕನಾಗಿ ನಾನು ಸೇರಿದ ಮೊದಲ ವರ್ಷದ ಮಾತು. ಸೀಮೆಎಣ್ಣೆ ಸ್ಟೋವಿನಿಂದ ನೈಲಾನ್ ಸೀರೆಗೆ ಬೆಂಕಿ ತಗುಲಿದ್ದ ಹೆಣ್ಣುಮಗಳೊಬ್ಬಳನ್ನು ರಾತ್ರಿ 11 ಗಂಟೆಗೆ ಕರೆತಂದರು. ಎದೆ, ಹೊಟ್ಟೆ, ಎರಡೂ ತೋಳುಗಳು ಸುಟ್ಟಿದ್ದವು. ಮೈಯನ್ನು ಶೇ. 9ರ ಪಾಲುಗಳಾಗಿ ಎಣಿಸುವ ಒಂಬತ್ತರ ನಿಯಮದ ಪ್ರಕಾರ ಅದು ಮೈಯ ಶೇ. 36 ಭಾಗ. ತೂಕ ಸುಮಾರು 50 ಕಿಲೋ. ಸುಟ್ಟವರಿಗೆ ಎಷ್ಟು ದ್ರವ ಹರಿಸಬೇಕೆಂದು ಹೇಳುವ ಪಾರ್ಕ್‌ಲೆಂಡ್ ಸೂತ್ರ ಬಾಯಿಪಾಠವಾಗಿದ್ದ ನಾನು ತೂಕವನ್ನು ಸುಟ್ಟ ಶೇಕಡಾವಾರಿನಿಂದಲೂ 4 ಮಿ.ಲೀ.ನಿಂದಲೂ ಗುಣಿಸಿ, ಮೊದಲ 24 ಗಂಟೆಗಳಿಗೆ 7200 ಮಿ.ಲೀ. ರಿಂಗರ್ ಲ್ಯಾಕ್ಟೇಟ್ (ಡ್ರಿಪ್ಪಿನಲ್ಲಿ ಕೊಡುವ ಲವಣದ್ರವ), ಅದರಲ್ಲಿ ಅರ್ಧ, ಅಂದರೆ 3600 ಮಿ.ಲೀ., ಮೊದಲ 8 ಗಂಟೆಗಳಲ್ಲಿ ಎಂದು ಕೇಸ್ ಶೀಟಿನಲ್ಲಿ ಬರೆದು, ಗಂಟೆಗೆ 450ರಂತೆ ಹರಿಸಲು ಸಿಸ್ಟರ್‌ಗೆ ಹೇಳಿದೆ.

ಆ 8 ಗಂಟೆಗಳನ್ನು ಎಣಿಸಬೇಕಾದದ್ದು ಅಡ್ಮಿಷನ್ ಆದಾಗಿನಿಂದಲ್ಲ, ಸುಟ್ಟ ಗಳಿಗೆಯಿಂದ. ಅದು ಗೊತ್ತಿದ್ದೂ ಆ ರಾತ್ರಿ ನನಗೆ ಹೊಳೆಯಲಿಲ್ಲ. ಆಕೆ ಸುಟ್ಟುಕೊಂಡಿದ್ದು ಸಂಜೆ 6ಕ್ಕೆ. ಉಳಿದಿದ್ದದ್ದು 3 ಗಂಟೆ ಮಾತ್ರ, ಲೆಕ್ಕದಂತೆ ಗಂಟೆಗೆ 1200 ಮಿ.ಲೀ. ಬೇಕಿತ್ತು. ಬೆಳಗಿನ ಜಾವ 3ಕ್ಕೆ ಮೂತ್ರದ ಚೀಲವನ್ನು ದೀಪದ ಬೆಳಕಿಗೆ ಎತ್ತಿ ನೋಡಿದೆ. ಗಂಟೆಗೆ ಕನಿಷ್ಠ 25 ಮಿ.ಲೀ. ಇರಬೇಕಾದಲ್ಲಿ, ನಾಲ್ಕು ಗಂಟೆಗೂ ಸೇರಿ 20 ಮಿ.ಲೀ. ಮಾತ್ರ ಇತ್ತು; ಬಣ್ಣ ಹಾಲು ಹಾಕದ ಚಹಾದಂತಿತ್ತು. ಮೂತ್ರಪಿಂಡಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಐದನೆಯ ದಿನ ಆಕೆ ತೀರಿಕೊಂಡಳು. ಸರಿಯಾಗಿ ಹರಿಸಿದ್ದರೆ ಖಂಡಿತ ಬದುಕುತ್ತಿದ್ದಳು ಎಂದು ಹೇಳಲಾರೆ, ಆದರೆ ಆ ಚೀಲವನ್ನು ಇಂದಿಗೂ ಮರೆತಿಲ್ಲ.

ದೊಡ್ಡ ಸುಟ್ಟಗಾಯವಾದಾಗ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದ ನೀರಿನಂಶ ಮಾಂಸಖಂಡಕ್ಕೆ ಇಳಿದು ಮೈ ಊದಿಕೊಳ್ಳುತ್ತದೆ, ರಕ್ತ ಮಂದವಾಗುತ್ತದೆ, ಮೂತ್ರಪಿಂಡಕ್ಕೆ ಹರಿವು ತಗ್ಗುತ್ತದೆ. ಈ ಸೋರಿಕೆ ಅತಿ ಜೋರಾಗಿರುವುದು ಮೊದಲ ಕೆಲವು ಗಂಟೆಗಳಲ್ಲೇ. ಆದ್ದರಿಂದಲೇ ಸೂತ್ರ ಅರ್ಧ ಪಾಲನ್ನು ಮೊದಲ 8 ಗಂಟೆಗಳಿಗೆ ಇಟ್ಟಿದೆ. ಹಾಗೆಂದು ತಡವಾಗಿ ಬಂದವರಿಗೆ ಬಾಕಿ ಇರುವುದನ್ನೆಲ್ಲ ಕಣ್ಣುಮುಚ್ಚಿ ಒಮ್ಮೆಗೇ ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. ಸೂತ್ರ ಆರಂಭಕ್ಕೆ ಮಾತ್ರ. ಆಮೇಲೆ ಗಂಟೆಗಂಟೆಯ ಮೂತ್ರವನ್ನು ಅಳೆದು ಡ್ರಿಪ್ಪಿನ ವೇಗವನ್ನು ಏರಿಸುವುದೋ ಇಳಿಸುವುದೋ ಮಾಡುತ್ತೇನೆ.

ಅದಾದ ಮೇಲೆ ಕೇಸ್ ಶೀಟಿನ ತಲೆಯಲ್ಲಿ ಎರಡು ಸಮಯಗಳನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿ ಮಾಡಿದೆ: ಸುಟ್ಟ ಸಮಯ, ಬಂದ ಸಮಯ. ಮೊದಲನೆಯದನ್ನು ತಿಳಿಯುವುದು ಸುಲಭವಲ್ಲ. ಗಾಯದ ಬಗ್ಗೆ ಕೇಳುವ ಮೊದಲೇ "ಸಾಹೇಬ್ರ, ಪೊಲೀಸ್ ಕೇಸ್ ಆಗ್ತೈತೇನ್ರೀ?" ಎನ್ನುವ ಮನೆಯವರು ಸಮಯವನ್ನು ಮುಚ್ಚಿಡುತ್ತಾರೆ. ಈ ಭಯದಿಂದಲೇ ಅನೇಕರು ಊರಿನಲ್ಲೇ ಗಂಟೆಗಳನ್ನು ಕಳೆದಿರುತ್ತಾರೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ವೈದ್ಯಕೀಯ ದಾಖಲೆ) ಬರೆಯುವುದು ನಮ್ಮ ಕರ್ತವ್ಯ, ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬೇಕಿಲ್ಲ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಹೀಗಾಗಿ ಮನೆಯವರನ್ನು ನಾನು "ದೀಪ ಹಚ್ಚುವ ಹೊತ್ತಿಗೋ, ಊಟದ ಹೊತ್ತಿಗೋ?" ಎಂದು ಕೇಳುತ್ತೇನೆ, ಗಡಿಯಾರದ ಸಮಯ ಹೇಳಲು ಹಿಂಜರಿಯುವವರೂ ಇದಕ್ಕೆ ಉತ್ತರಿಸುತ್ತಾರೆ.

ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಹೋಗಿ ಮಾತನಾಡಿದೆ. ದಾರಿಯೇ ಎರಡು ಗಂಟೆಯದಾದರೆ, 108 ಬರುವುದರೊಳಗೆ ಡ್ರಿಪ್ ಹಾಕಿ, ಎಷ್ಟು ಬಾಟಲಿ ಹೋಯಿತೆಂದು ಚೀಟಿಯಲ್ಲಿ ಬರೆದು ಕಳುಹಿಸಿ ಎಂದು ಕೇಳಿಕೊಂಡೆ. ಧ್ವನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ ಗಂಟಲು ಊದಿ ಉಸಿರು ಕಟ್ಟಬಹುದಾದ್ದರಿಂದ ಅಂಥವರನ್ನು ಒಂದು ನಿಮಿಷವೂ ಇಟ್ಟುಕೊಳ್ಳಬೇಡಿ ಎಂದೂ ಹೇಳಿದೆ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: 20 ನಿಮಿಷ ತಣ್ಣನೆಯ ಹರಿಯುವ ನೀರು. ಟೂತ್‌ಪೇಸ್ಟ್, ಇಂಕ್, ದೋಸೆ ಹಿಟ್ಟು ಮೆತ್ತಿಕೊಂಡು ಬಂದವರಲ್ಲಿ ಅದನ್ನು ತೊಳೆದು ತೆಗೆಯುವುದಕ್ಕೇ ಸಮಯ ಹೋಗುತ್ತದೆ, ಗಾಯದ ಆಳವೂ ತಿಳಿಯುವುದಿಲ್ಲ.

ಮುಂದೆ ವಾರ್ಡಿನ ರಿಜಿಸ್ಟರ್ ತೆರೆದು ಲೆಕ್ಕ ಹಾಕಿದಾಗ ನಾನು ದಿಗಿಲುಗೊಂಡೆ: ಒಂದು ದಿನ ಕಳೆದು ಬಂದವರಲ್ಲಿ ಬದುಕಿದವರೇ ಹೆಚ್ಚು, ಬೇಗ ಬಂದವರಲ್ಲಿ ಸತ್ತವರೇ ಹೆಚ್ಚು. ಬಿಡಿಸಿ ನೋಡಿದಾಗ ಕಾರಣ ತಿಳಿಯಿತು. ತಡವಾಗಿ ಬಂದವರಲ್ಲಿ ಬಹುಪಾಲು ಜನರ ಗಾಯ ಚಿಕ್ಕದು. ಅಲ್ಲಲ್ಲಿ ಕೀವು ತುಂಬಿಕೊಂಡ ಮೇಲೆ ಬಂದವರು. ದೊಡ್ಡ ಗಾಯವಾಗಿ ತಡಮಾಡಿದವರು ದಾರಿಯಲ್ಲೇ ಅಥವಾ ಊರಿನಲ್ಲೇ ತೀರಿಕೊಂಡಿದ್ದರಿಂದ ನಮ್ಮ ರಿಜಿಸ್ಟರಿನಲ್ಲಿ ಅವರ ಹೆಸರೇ ಇರಲಿಲ್ಲ. ಈಗ ವಯಸ್ಸು, ಸುಟ್ಟ ಶೇಕಡಾವಾರು, ಹೊಗೆ ಕುಡಿದಿದ್ದಾರೆಯೇ ಎಂಬ ಮೂರನ್ನೂ ಜೊತೆಗೆ ಬರೆಯುತ್ತೇವೆ; ಒಂದೇ ವಯೋಮಾನದ, ಒಂದೇ ಪ್ರಮಾಣದಲ್ಲಿ ಸುಟ್ಟವರನ್ನು ಮಾತ್ರ ಹೋಲಿಸುತ್ತೇವೆ. ಸುಟ್ಟ ಸಮಯವೇ ಇಲ್ಲದ ಹಳೆಯ ಪುಟಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.